ಸಿನಿಮಾ ದರಿದ್ರ, ವಿಲನ್‌ಗೋಸ್ಕರ ನೋಡಿ

ಮೊದಲೇ ಹೇಳಿಬಿಡುತ್ತೇನೆ. 1994ರಲ್ಲಿ ಬಂದ ಹಾಲಿವುಡ್ಡಿನ 'ಸ್ಟ್ರೀಟ್ ಫೈಟರ್' ಕೆಟ್ಟ ಸಿನಿಮಾ. ಕಥೆಗೆ ತಲೆಬುಡ ಇಲ್ಲ. ಹೆಸರಲ್ಲೇ ಫೈಟರ್ ಇದ್ದರೂ ಫೈಟ್ ಸಪ್ಪೆ. ಹೀರೋ ಮಾತಾಡಿದರೆ ಅರ್ಧ ತಿಳಿಯುವುದಿಲ್ಲ. ತಿಳಿದ ಅರ್ಧವೂ ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಇಷ್ಟೆಲ್ಲಾ ಬೈದು, ನಿಮ್ಮ ಒಂದು ಸಂಜೆ ಇದಕ್ಕೆ ಕೊಡಿ ಅಂತಲೂ ಹೇಳುತ್ತಿದ್ದೇನೆ. ಯಾಕೆಂದರೆ ಅದರಲ್ಲಿ ರೌಲ್ ಜೂಲಿಯಾ ಇದ್ದಾರೆ. ವಿಲನ್ ಪಾರ್ಟು.

ತುಮಕೂರಿನಲ್ಲಿ ನನ್ನದೊಂದು ವಿಡಿಯೋ ಲೈಬ್ರರಿ ಇತ್ತು. ಮೊದಲು ಕ್ಯಾಸೆಟ್, ಆಮೇಲೆ ವಿಸಿಡಿ, ಆಮೇಲೆ ಡಿವಿಡಿ, ಕೊನೆಗೆ ಅದೇ ಕೌಂಟರ್‌ನಲ್ಲಿ ಮೊಬೈಲ್ ಕರೆನ್ಸಿ. ಸಿನಿಮಾ ಬಾಡಿಗೆಗೆ ಕೊಡೋ ಕೆಲಸದಲ್ಲಿ ದಿನಾ ಉತ್ತರ ಹೇಳಬೇಕಾದ ಪ್ರಶ್ನೆ ಒಂದೇ. "ಅಣ್ಣಾ, ಇದು ಹೆಂಗಿದೆ?" ಸುಳ್ಳು ಹೇಳಿ ಕಳಿಸಿದರೆ ಮಾರನೇ ದಿನ ವಾಪಸ್ ತಂದಾಗ ಬೈಸಿಕೊಳ್ಳಬೇಕು. ಇದ್ದದ್ದು ಇದ್ದಂಗೆ ಹೇಳಿದರೆ ಅರ್ಧ ಅಂಗಡಿ ಬಾಡಿಗೆಗೇ ಹೋಗುವುದಿಲ್ಲ. ಹಾಗಾಗಿ ನಾನು ಪ್ರತಿ ಡಬ್ಬಾ ಸಿನಿಮಾದಲ್ಲೂ ಒಂದಾದರೂ ನಿಜವಾಗಿ ಚೆನ್ನಾಗಿರೋದನ್ನು ಹುಡುಕಿ ಇಟ್ಟುಕೊಂಡಿರುತ್ತಿದ್ದೆ. "ಕಥೆ ಏನಿಲ್ಲ ಸಾರ್, ಆದ್ರೆ ಆ ಕಾರ್ ಚೇಸ್ ನೋಡಿ." "ಹಾಡು ಓಡಿಸಿಬಿಡಿ ಮೇಡಂ, ಅತ್ತೆ ಪಾರ್ಟು ಮಾಡಿದೋರ್ನ ಮಾತ್ರ ಬಿಡಬೇಡಿ." ಕೆಲವಕ್ಕೆ ಎಷ್ಟು ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ಅವನ್ನು ಮೇಲಿನ ಶೆಲ್ಫಿಗೆ ಹಾಕಿಬಿಡುತ್ತಿದ್ದೆ, ಕೈಗೆ ಎಟುಕದ ಹಾಗೆ.

ಈ ಹುಡುಕಾಟದಲ್ಲಿ ನನಗೇ ಒಂದು ಅಳತೆ ಸಿಕ್ಕಿತು. ಆ ಒಂದು ಒಳ್ಳೇ ಅಂಶವನ್ನು ಸಿನಿಮಾದಿಂದ ಕಿತ್ತು ತೆಗೆಯಲು ಆಗುತ್ತದೋ ಇಲ್ಲವೋ? ಆಗುವುದಾದರೆ ಸಿನಿಮಾ ಬೇಡ, ಅದನ್ನಷ್ಟೇ ತಗೊಳ್ಳಿ. ಆಗದಿದ್ದರೆ ಮಾತ್ರ ಪೂರ್ತಿ ನೋಡಿ.

'ಶಾಲಿಮಾರ್' ತಗೊಳ್ಳಿ. 1978ರ ಹಿಂದಿ ಚಿತ್ರ. ಧರ್ಮೇಂದ್ರ, ಜೀನತ್ ಅಮಾನ್ ಜೊತೆಗೆ ಹಾಲಿವುಡ್‌ನಿಂದ ರೆಕ್ಸ್ ಹ್ಯಾರಿಸನ್, ಜಾನ್ ಸ್ಯಾಕ್ಸನ್ ಎಲ್ಲಾ ಬಂದಿದ್ದರು. ಒಬ್ಬ ಮಹಾಕಳ್ಳ ಉಳಿದ ಕಳ್ಳರನ್ನು ತನ್ನ ದ್ವೀಪಕ್ಕೆ ಕರೆದು, ತನ್ನ ಹತ್ತಿರ ಇರೋ ಮಾಣಿಕ್ಯವನ್ನು ಕದಿಯಿರಿ ನೋಡೋಣ ಅಂತ ಸವಾಲು ಹಾಕುತ್ತಾನೆ. ಕೇಳೋಕೆ ಎಷ್ಟು ಮಜವಾಗಿದೆ ಅಲ್ವಾ? ನೋಡೋಕೆ ಕೂತರೆ ಆಕಳಿಕೆ. ಆದರೆ ಸಂಗೀತ ಆರ್. ಡಿ. ಬರ್ಮನ್ ಅವರದ್ದು. ಕಿಶೋರ್ ಕುಮಾರ್ 'ಹಮ್ ಬೇವಫಾ' ಅಂತ ಎದೆ ಹಿಂಡುವ ಹಾಗೆ ಹಾಡುತ್ತಿದ್ದರೆ ಹಿಂದೆ ಕಾಡುಜನರ ವೇಷದ ಗುಂಪು 'ಝಿಂಗಾಲಾಲಾ' ಅಂತ ಕೂಗುತ್ತಿರುತ್ತದೆ. ಹೀಗೆ ಹೇಳಿದರೆ ತಮಾಷೆ ಅನಿಸುತ್ತದೆ, ಕೇಳಿದರೆ ಒಂದಕ್ಕೊಂದು ಹೊಂದಿಕೊಂಡುಬಿಟ್ಟಿದೆ. ಟೈಟಲ್ ಮ್ಯೂಸಿಕ್ ಅದಕ್ಕಿಂತ ಒಂದು ಕೈ ಮೇಲು. ಸರಿ, ಹಾಡು ಕೇಳಿ. ಸಿನಿಮಾ ಬಿಡಿ. ಏನೂ ಕಳೆದುಕೊಳ್ಳುವುದಿಲ್ಲ.

ನಮ್ಮ 'ಶಾಂತಿ ಕ್ರಾಂತಿ'ಯ ವಿಷಯ ಸ್ವಲ್ಪ ಬೇರೆ. 1991ರಲ್ಲಿ ರವಿಚಂದ್ರನ್ ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕರಲ್ಲೂ ಒಟ್ಟಿಗೆ ತೆಗೆದ ಚಿತ್ರ ಅದು. ತೆಲುಗಿಗೆ ನಾಗಾರ್ಜುನ, ತಮಿಳು ಹಿಂದಿಗೆ ರಜನಿಕಾಂತ್. ಪ್ಯಾನ್ ಇಂಡಿಯಾ ಅಂತ ಈಗ ಎದೆ ತಟ್ಟಿಕೊಳ್ಳುವವರು ಒಮ್ಮೆ ಆ ಕಡೆ ತಿರುಗಿ ನೋಡಬೇಕು. ದುಡ್ಡು ನೀರಿನ ಹಾಗೆ ಹರಿಯಿತು, ಸಿನಿಮಾ ಮಕಾಡೆ ಮಲಗಿತು. ಅದೇ ವರ್ಷದ ಕೊನೆಗೆ 'ರಾಮಾಚಾರಿ' ಬಂದು ಅವರನ್ನು ಮೇಲೆತ್ತಿತು. 'ಶಾಂತಿ ಕ್ರಾಂತಿ'ಯ ಹಂಸಲೇಖ ಹಾಡುಗಳು ಈಗಲೂ ರಾತ್ರಿ ಬಸ್ಸುಗಳಲ್ಲಿ ಓಡುತ್ತವೆ. 'ಮಧ್ಯರಾತ್ರೀಲಿ' ಅಂತ ಶುರುವಾದರೆ ಡ್ರೈವರ್ ಸ್ಟೇರಿಂಗ್ ಮೇಲೆ ತಾಳ ಹಾಕುತ್ತಾನೆ. ಹಾಡಿಗೋಸ್ಕರ ಸಿನಿಮಾ ನೋಡಬೇಕಿಲ್ಲ, ಬಸ್ ಹತ್ತಿದರೆ ಸಾಕು. ಆದರೆ ಅದರಲ್ಲಿ ಅನಂತ್ ನಾಗ್ ವಿಲನ್. ಮಕ್ಕಳ ಅಂಗಾಂಗ ಮಾರುವ ದಂಧೆಯ ಯಜಮಾನ, ಹೆಸರು ಡ್ಯಾಡಿ. ಮಧ್ಯಮವರ್ಗದ ಮನೆಯ ಮೆತ್ತಗಿನ ಗಂಡನಾಗಿ ನಾವೆಲ್ಲಾ ನೋಡಿದ ಮುಖ ಅದು. ಆ ಮುಖದಲ್ಲೇ ಅವರು ಈ ಪಾಪಿಯನ್ನು ತೋರಿಸುವುದು ಕ್ಲಿಪ್‌ನಲ್ಲಿ ಸಿಗುವುದಿಲ್ಲ, ಕೂತು ನೋಡಬೇಕು. ನನ್ನ ಅಳತೆಯಲ್ಲಿ ಅದು ಪಾಸು, ಕಷ್ಟಪಟ್ಟು.

ಇನ್ನು 1999ರ 'ಫ್ಯಾಂಟಮ್ ಮೆನೆಸ್'. ಸ್ಟಾರ್ ವಾರ್ಸ್ ಅಭಿಮಾನಿಗಳು ಹದಿನಾರು ವರ್ಷ ಕಾದು, ಥಿಯೇಟರಿಗೆ ಹೋಗಿ, ತೆರಿಗೆ ವ್ಯವಹಾರದ ಭಾಷಣ ಕೇಳಿ ಬಂದರು. ಕೊನೆಯ ಕತ್ತಿವರಸೆಯೊಂದು ಮಾತ್ರ ಅಮೋಘ. ಕೆಂಪು ಕಪ್ಪು ಮುಖದ ಡಾರ್ತ್ ಮೌಲ್ ಆಗಿ ರೇ ಪಾರ್ಕ್, ಎರಡೂ ಕಡೆ ಬೆಳಕು ಉರಿಯುವ ಕತ್ತಿ. ಅದಕ್ಕೆ ಜಾನ್ ವಿಲಿಯಮ್ಸ್ ಕೊಟ್ಟ ಮೇಳಗಾನ ಇದೆಯಲ್ಲ, ಅದರ ಸಾಹಿತ್ಯ ಸಂಸ್ಕೃತ! ಹಳೇ ವೆಲ್ಷ್ ಪದ್ಯದ ಎರಡು ಸಾಲನ್ನು ಸಂಸ್ಕೃತಕ್ಕೆ ತಿರುಗಿಸಿ, ಸದ್ದು ಚೆನ್ನಾಗಿ ಕೇಳಲಿ ಅಂತ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿದ್ದಾರೆ. ಅರ್ಥ ಹುಡುಕಲು ಹೋಗಬೇಡಿ, ಲಂಡನ್ ಸಿಂಫನಿಯವರ ಜೊತೆ ಆ ಗುಂಪು ಹಾಡುವಾಗ ರೋಮ ನಿಲ್ಲುತ್ತದೆ, ಸಾಕು. ಆದರೆ ಸಿನಿಮಾದಲ್ಲಿ ಈ ಕತ್ತಿವರಸೆಯನ್ನು ಇನ್ನೂ ಮೂರು ಯುದ್ಧಗಳ ಮಧ್ಯೆ ತುಂಡು ತುಂಡಾಗಿ ತೋರಿಸುತ್ತಾರೆ. ಇಲ್ಲಿ ಕತ್ತಿ ತಾಗಿತು ಅನ್ನುವಷ್ಟರಲ್ಲಿ ಅಲ್ಲಿ ಕಿವಿ ಜೋತಾಡುವ ಪ್ರಾಣಿ ಎಡವಿ ಬೀಳುತ್ತದೆ. ಯಾರೋ ಪುಣ್ಯಾತ್ಮರು ಕತ್ತಿವರಸೆ ಮಾತ್ರ ಒಟ್ಟುಗೂಡಿಸಿ ಹಾಕಿರುವ ವಿಡಿಯೋ ಸಿನಿಮಾಗಿಂತ ವಾಸಿ.

ಪೂರ್ತಿ ನೋಡಬೇಕಾದ ಸಾಲಿಗೆ ಬರುವುದು 1991ರ 'ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್'. ಇಂಗ್ಲೆಂಡಿನ ರಾಬಿನ್ ಹುಡ್ ಆಗಿ ಕೆವಿನ್ ಕಾಸ್ಟ್‌ನರ್ ಅಮೆರಿಕದ ರೈತನ ಹಾಗೆ ಮಾತಾಡುತ್ತಾರೆ. ಆ ವರ್ಷದ ಅತಿ ಕೆಟ್ಟ ನಟ ಅಂತ ರ‍್ಯಾಝಿ ಪ್ರಶಸ್ತಿ ಕೊಟ್ಟರು ಅವರಿಗೆ. ಅದೇ ಸಿನಿಮಾದ ವಿಲನ್ ಶೆರಿಫ್ ಅಲನ್ ರಿಕ್‌ಮನ್ ಅವರಿಗೆ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ ಬಾಫ್ಟಾ! ಒಂದೇ ಸಿನಿಮಾ, ಒಬ್ಬರಿಗೆ ಛೀಮಾರಿ, ಇನ್ನೊಬ್ಬರಿಗೆ ಹಾರ. ರಾಬಿನ್‌ನ ಎದೆ ಬಗೆಯುತ್ತೇನೆ, ಅದೂ ಚಮಚದಲ್ಲಿ ಅಂತ ಶೆರಿಫ್ ಹಾರಾಡುತ್ತಾನೆ. ಚಮಚ ಯಾಕಣ್ಣಾ ಅಂತ ದಾಯಾದಿ ಆಮೇಲೆ ಕೇಳಿದರೆ, ಮೊಂಡಾಗಿರುತ್ತಲ್ಲೋ ಮುಠ್ಠಾಳ, ಜಾಸ್ತಿ ನೋಯುತ್ತೆ ಅಂತ ರೇಗುತ್ತಾನೆ. ಕೋಪ ಬಂದು ಕ್ರಿಸ್‌ಮಸ್ ಹಬ್ಬವನ್ನೇ ರದ್ದು ಮಾಡಿಬಿಡುತ್ತಾನೆ. ಸ್ಕ್ರಿಪ್ಟ್ ನೋಡಿ ತಲೆ ಕೆಟ್ಟು, ರಿಕ್‌ಮನ್ ತನ್ನ ಬರಹಗಾರ ಗೆಳೆಯರನ್ನು ಕೂರಿಸಿಕೊಂಡು ಮಾತುಗಳನ್ನು ತಿದ್ದಿಕೊಂಡಿದ್ದರು. ಅಂದರೆ ಬೇರೆಯವರ ಕೆಟ್ಟ ಸಿನಿಮಾದಲ್ಲಿ ಅವರೊಬ್ಬರೇ ತಮ್ಮದೊಂದು ಒಳ್ಳೇ ಸಿನಿಮಾ ಮಾಡಿಕೊಂಡರು. ಆಮೇಲೆ ಬಂದ ಉದ್ದದ ಆವೃತ್ತಿಯಲ್ಲಿ ಶೆರಿಫ್ ಇನ್ನೂ ಜಾಸ್ತಿ ಹೊತ್ತು ಇರುತ್ತಾನೆ. ಸಿಕ್ಕಿದರೆ ಅದನ್ನೇ ನೋಡಿ.

ಈಗ ಅಸಲು ವಿಷಯಕ್ಕೆ ಬರೋಣ.

'ಸ್ಟ್ರೀಟ್ ಫೈಟರ್' ಮೊದಲು ಒಂದು ವಿಡಿಯೋ ಗೇಮ್. ಜಪಾನಿನ ಕ್ಯಾಪ್‌ಕಾಮ್ ಕಂಪನಿಯದ್ದು. 1991ರಲ್ಲಿ ಬಂದ ಅದರ ಎರಡನೇ ಭಾಗ ಜಗತ್ತಿನ ಹುಡುಗರ ಪಾಕೆಟ್ ಮನಿಯನ್ನೆಲ್ಲಾ ನುಂಗಿತು. ನಮ್ಮ ಅಂಗಡಿ ಸಾಲಿನಲ್ಲೇ ಒಂದು ಗೇಮ್ ಪಾರ್ಲರ್ ಇತ್ತು. ಸ್ಕೂಲ್ ಬಿಟ್ಟ ಕೂಡಲೇ ಚೀಲ ಬೆನ್ನಿಗೆ ಹಾಕಿಕೊಂಡೇ ಹುಡುಗರು ಬಟನ್ ಕುಟ್ಟುತ್ತಿದ್ದರು. ರ‍್ಯೂ, ಕೆನ್ ಅಂತ ಇಬ್ಬರು ಹೀರೋಗಳು ಅಂಗೈಯಿಂದ ಬೆಂಕಿ ಉಂಡೆ ಬಿಡುವವರು. ಧಾಲ್ಸಿಮ್ ಅಂತ ನಮ್ಮ ದೇಶದ ಯೋಗಿಯೂ ಒಬ್ಬ. ಕೊರಳಲ್ಲಿ ತಲೆಬುರುಡೆ ಸರ, ಕೈಕಾಲು ರಬ್ಬರಿನಂತೆ ಉದ್ದ ಆಗುತ್ತವೆ, ಬಾಯಲ್ಲಿ ಬೆಂಕಿ. ನಮ್ಮವನು ಅಂತ ಎಲ್ಲರೂ ಒಮ್ಮೆ ಅವನನ್ನು ಆರಿಸಿ, ಸೋತು, ಬೇರೆಯವನಿಗೆ ಹೋಗುತ್ತಿದ್ದರು.

ಸಿನಿಮಾ ಕ್ಯಾಸೆಟ್ ಬಂದಾಗ ಇದೇ ಹುಡುಗರು ಸಾಲು ಹಚ್ಚಿ ಒಯ್ದರು. ಮಾರನೇ ದಿನ ಮುಖ ಸಣ್ಣ ಮಾಡಿಕೊಂಡು ಬಂದರು. "ಅಣ್ಣಾ, ಇದ್ರಲ್ಲಿ ಬೆಂಕೀನೇ ಬಿಡಲ್ಲ." ಹೌದು, ಬಿಡುವುದಿಲ್ಲ. ಒಂದು ಸಲ ಏನೋ ಬೆಳಕು ಮಿಂಚಿದ ಹಾಗೆ ಆಗುತ್ತದೆ, ಅಷ್ಟೇ. ಗೇಮಿನ ಹೀರೋಗಳಾದ ರ‍್ಯೂ, ಕೆನ್ ಇಲ್ಲಿ ನಕಲಿ ಬಂದೂಕು ಮಾರಿ ಮೋಸ ಮಾಡುವ ಪುಡಿ ಕಳ್ಳರು. ಕಥೆ ಪೂರ್ತಿ ಕರ್ನಲ್ ಗೈಲ್ ಅನ್ನುವ ಅಮೆರಿಕದ ಸೈನಿಕನ ಮೇಲೆ. ಆ ಪಾತ್ರಕ್ಕೆ ಬೆಲ್ಜಿಯಂನ ಜಾನ್ ಕ್ಲಾಡ್ ವ್ಯಾನ್ ಡ್ಯಾಮ್. ತೋಳಿನ ಮೇಲೆ ಅಮೆರಿಕದ ಬಾವುಟದ ಹಚ್ಚೆ, ನಾಲಿಗೆ ಮೇಲೆ ಬ್ರಸೆಲ್ಸ್. ಅವರು ಸೈನಿಕರಿಗೆ ವೀರಾವೇಶದ ಭಾಷಣ ಮಾಡುವ ದೃಶ್ಯ ಒಂದಿದೆ. ಸೈನಿಕರು ಚಪ್ಪಾಳೆ ತಟ್ಟುತ್ತಾರೆ. ಅವರಿಗೆ ಏನು ಅರ್ಥವಾಯಿತೋ.

ಧಾಲ್ಸಿಮ್ ಕಥೆ ಇನ್ನೂ ಬೇಜಾರು. ಕೈ ಉದ್ದ ಮಾಡುವುದಿಲ್ಲ, ಬೆಂಕಿ ಇಲ್ಲ, ಯೋಗವೂ ಇಲ್ಲ. ವಿಲನ್ ಲ್ಯಾಬಿನಲ್ಲಿ ಸಿಕ್ಕಿಹಾಕಿಕೊಂಡ ವಿಜ್ಞಾನಿ. ಪಾತ್ರ ಮಾಡಿದವರು ಯಾರು ಗೊತ್ತಾ? ರೋಶನ್ ಸೇಠ್. ಅಟೆನ್‌ಬರೋ ಅವರ 'ಗಾಂಧಿ'ಯಲ್ಲಿ ನೆಹರೂ, ದೂರದರ್ಶನದ 'ಭಾರತ್ ಏಕ್ ಖೋಜ್'ನಲ್ಲೂ ನೆಹರೂ. ನಮ್ಮ ಬೀದಿಯ ಮೇಷ್ಟ್ರೊಬ್ಬರು ಮೊಮ್ಮಗನ ಜೊತೆ ಈ ಸಿನಿಮಾ ನೋಡಿ ಬಂದು, "ಏನಯ್ಯಾ, ನೆಹರೂನ ತಂದು ಆ ಲ್ಯಾಬಲ್ಲಿ ಕೂಡಿ ಹಾಕವ್ರಲ್ಲ" ಅಂದಿದ್ದರು. ಅಷ್ಟು ದೊಡ್ಡ ನಟನಿಗೆ ಕೊಟ್ಟ ಕೆಲಸ ಬಿಳಿ ಕೋಟು ಹಾಕಿಕೊಂಡು ಗಾಬರಿಯಾಗುವುದು.

ಬರೆದು ನಿರ್ದೇಶಿಸಿದವರು ಸ್ಟೀವನ್ ಡಿ ಸೋಜಾ. 'ಕಮಾಂಡೋ' ಬರೆದವರು, 'ಡೈ ಹಾರ್ಡ್' ಬರೆದ ಇಬ್ಬರಲ್ಲಿ ಒಬ್ಬರು. ಅಂಥವರ ಕೈಯಲ್ಲಿ ಹೀಗಾಯಿತು. ಗೇಮಿನ ಒಬ್ಬೊಬ್ಬ ಆಟಗಾರನನ್ನೂ ತುರುಕಲೇಬೇಕು ಅಂತ ಹೊರಟರೆ ಇನ್ನೇನಾಗುತ್ತದೆ? ಹದಿನೈದಕ್ಕೂ ಹೆಚ್ಚು ಮುಖ್ಯ ಪಾತ್ರಗಳು, ಒಬ್ಬೊಬ್ಬರಿಗೂ ಒಂದು ಎಂಟ್ರಿ, ಒಂದು ಡೈಲಾಗ್, ಒಂದು ಫೈಟ್. ಥಾಯ್ಲೆಂಡ್, ಆಸ್ಟ್ರೇಲಿಯಾದಲ್ಲಿ ಶೂಟಿಂಗ್ ನಡೆಯಿತು. ಮೂರೂವರೆ ಕೋಟಿ ಡಾಲರ್ ಖರ್ಚು. ಅಷ್ಟು ದುಡ್ಡು ಎಲ್ಲಿ ಹೋಯಿತು ಅಂತ ತೆರೆ ಮೇಲೆ ಹುಡುಕಿದರೂ ಕಾಣುವುದಿಲ್ಲ. ಹಸಿರು ಬಣ್ಣ ಬಳಿದ ರಾಕ್ಷಸ ಬ್ಲಾಂಕಾನ ಮೈ ನೋಡಿದರೆ ನಮ್ಮೂರ ಹೋಳಿ ಹುಡುಗರೇ ಇನ್ನೂ ನೀಟಾಗಿ ಬಳಿಯುತ್ತಾರೆ.

ಇದರ ಮಧ್ಯೆ ಕೆಂಪು ಸಮವಸ್ತ್ರ, ತಲೆಬುರುಡೆ ಗುರುತಿನ ಟೋಪಿ, ಹಿಂದೆ ಹಾರುವ ಮೇಲುವಸ್ತ್ರ, ಇಷ್ಟರಲ್ಲಿ ಜನರಲ್ ಎಂ. ಬೈಸನ್ ಬರುತ್ತಾನೆ. ಶಾಡಲೂ ಅನ್ನುವ ಕಾಲ್ಪನಿಕ ದೇಶದ ಸರ್ವಾಧಿಕಾರಿ. ಪರಿಹಾರ ಕೆಲಸಕ್ಕೆ ಬಂದವರನ್ನು ಒತ್ತೆ ಇಟ್ಟುಕೊಂಡು 2,000 ಕೋಟಿ ಡಾಲರ್ ಕೇಳುತ್ತಿರುತ್ತಾನೆ. ಮಕ್ಕಳ ಆಟದ ವಿಲನ್. ಬರೆದಿರುವುದೂ ಮಕ್ಕಳ ಆಟದ ಮಟ್ಟದಲ್ಲೇ. ಆದರೆ ಜೂಲಿಯಾ ಮೊದಲ ಸಾಲು ಹೇಳಿದ ಕೂಡಲೇ ಬೇರೆ ಯಾವುದೋ ಸಿನಿಮಾ ಶುರುವಾದ ಹಾಗಾಗುತ್ತದೆ. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೊರಳಿಸಿ, ರುಚಿ ನೋಡಿ, ಆಮೇಲೆ ಹೊರಗೆ ಬಿಡುತ್ತಾರೆ. ಕಣ್ಣು ಅಗಲ ಮಾಡಿದರೆ ಫ್ರೇಮಿನಲ್ಲಿರುವ ಉಳಿದವರು ಮಾಯ.

ತುಮಕೂರು, ಮಂಡ್ಯ ಕಡೆಯವರಿಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ನಮ್ಮಲ್ಲಿ ಹಬ್ಬ ಜಾತ್ರೆಗೆ 'ಕುರುಕ್ಷೇತ್ರ' ನಾಟಕ ಆಡುತ್ತಾರಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿರುತ್ತಾರೆ, ದುಡ್ಡು ಕಟ್ಟಿದವರಿಗೆ ಪಾರ್ಟು. ಧರ್ಮರಾಯ ಮಾತು ಮರೆಯುತ್ತಾನೆ, ಅರ್ಜುನನ ಶ್ರುತಿ ಎಲ್ಲೋ, ಹಾರ್ಮೋನಿಯಂ ಎಲ್ಲೋ. ಮಧ್ಯರಾತ್ರಿ ದಾಟಿದ ಮೇಲೆ ದುರ್ಯೋಧನ ಬರುತ್ತಾನೆ. ಅವನೊಬ್ಬ ಸರಿಯಾಗಿದ್ದರೆ ಮುಗೀತು, ಚಳಿಗೆ ಕಂಬಳಿ ಹೊದ್ದು ಮಲಗಿದ್ದ ಜನ ಎದ್ದು ಕೂರುತ್ತಾರೆ. ಬೈಸನ್ ಹಾಗೆ. ಅವನು ಅಹಂಕಾರಿ, ಆದರೆ ತನ್ನ ಮಾತನ್ನು ತಾನು ಪೂರ್ತಿ ನಂಬಿರುವ ಅಹಂಕಾರಿ.

ಒಂದು ದೃಶ್ಯ ಹತ್ತಿರದಿಂದ ನೋಡೋಣ. ಮಿಂಗ್‌ನಾ ವೆನ್ ಮಾಡಿರುವ ಚುನ್ ಲಿ ಅನ್ನುವ ಹುಡುಗಿ ಬೈಸನ್‌ನ ಕೋಣೆಯಲ್ಲಿ ಅವನಿಗೆ ಎದುರಾಗುತ್ತಾಳೆ. ಎಷ್ಟೋ ವರ್ಷದ ಹಿಂದೆ ಅವಳ ಊರಿಗೆ ಇವನು ದಾಳಿ ಮಾಡಿದ್ದ. ಅವಳಪ್ಪ ಊರಿನ ಜನರನ್ನು ಕಟ್ಟಿಕೊಂಡು ಎದುರಿಸಿ ನಿಂತ, ಸತ್ತ. ಅದನ್ನೆಲ್ಲಾ ಅವಳು ಕಣ್ಣು ತುಂಬಿಕೊಂಡು ಉದ್ದಕ್ಕೆ ಹೇಳುತ್ತಾಳೆ. ಸಾಮಾನ್ಯ ವಿಲನ್ ಆದರೆ ಇಲ್ಲಿ ಏನು ಮಾಡಬೇಕು? ಗಹಗಹಿಸಿ ನಗಬೇಕು, ಹೌದು ನಾನೇ ಕೊಂದೆ ಅನ್ನಬೇಕು. ಬೈಸನ್ ಸುಮ್ಮನೆ ಕೇಳುತ್ತಾನೆ. ಆಮೇಲೆ, ಕ್ಷಮಿಸು, ಅದು ಯಾವುದೂ ನನಗೆ ನೆನಪಿಲ್ಲ ಅನ್ನುತ್ತಾನೆ. ಅವಳು ದಂಗಾಗುತ್ತಾಳೆ. ಆಗ ಅವನು ಹೇಳುವ ಮಾತು: ಬೈಸನ್ ನಿನ್ನ ಊರಿಗೆ ಪಾದ ಬೆಳೆಸಿದ ದಿನ ನಿನ್ನ ಬಾಳಿನ ಅತಿ ದೊಡ್ಡ ದಿನ. ನನಗೆ ಅದೊಂದು ಮಂಗಳವಾರ.

ಈ ಸಾಲು ಈಗ ಮೀಮ್ ಆಗಿ ಊರೆಲ್ಲಾ ತಿರುಗುತ್ತಿದೆ. ಕ್ಲಿಪ್ ನೋಡಿದವರು ನಕ್ಕು ಮುಂದೆ ಹೋಗುತ್ತಾರೆ. ಆದರೆ ಕ್ಲಿಪ್‌ನಲ್ಲಿ ಸಿಗದ್ದು ಒಂದಿದೆ. ಅದಕ್ಕೂ ಮುಂಚೆ ಎಲ್ಲರೂ ಕಿರುಚಿ, ಹಾರಿ, ಸಿಡಿದು ನಮ್ಮ ತಲೆ ಚಿಟ್ಟು ಹಿಡಿಸಿರುತ್ತಾರೆ. ಆಗ ಈ ಮನುಷ್ಯ ದನಿ ಏರಿಸದೆ ಮಾತಾಡುತ್ತಾನೆ. ದನಿಯಲ್ಲಿ ಕ್ರೌರ್ಯ ಇಲ್ಲ. ಒಂಥರಾ ಮರ್ಯಾದೆ ಇದೆ. ನಿಜವಾಗಿಯೂ ನೆನಪಿಲ್ಲಮ್ಮಾ, ಬೇಜಾರು ಮಾಡಿಕೋಬೇಡ ಅನ್ನುವ ಹಾಗೆ. ಆಫೀಸಿನಲ್ಲಿ ಫೈಲ್ ಎಲ್ಲಿ ಹೋಯಿತೋ ಗೊತ್ತಿಲ್ಲ ಅನ್ನುವ ಸಾಹೇಬರ ದನಿ ಅದು. ಅದಕ್ಕೇ ಮೈ ಉರಿಯುತ್ತದೆ. ಸಿನಿಮಾದ ಉಳಿದ ಗದ್ದಲವೆಲ್ಲಾ ಈ ಒಂದು ನಿಮಿಷಕ್ಕೆ ಪೀಠಿಕೆ ಇರಬಹುದಾ ಅಂತ ಅನುಮಾನ ಬರುವಷ್ಟು. ಇಲ್ಲ, ಅಷ್ಟು ಬುದ್ಧಿ ಆ ಸಿನಿಮಾಗೆ ಇಲ್ಲ.

ಇನ್ನೊಂದು ದೃಶ್ಯ ನನ್ನ ಮೆಚ್ಚಿನದು. ಬೈಸನ್ ತಾನು ಕಟ್ಟಲಿರುವ ಬೈಸನೋಪೊಲಿಸ್ ಮಹಾನಗರದ ಮಾದರಿಯನ್ನು ನೋಡುತ್ತಿರುತ್ತಾನೆ. ಹಳೇ ಜಗತ್ತಿನ ಅದ್ಭುತ, ನನ್ನ ಜಗತ್ತಿನ ಅದ್ಭುತ ಅಂತ ಮಹಾಕಾವ್ಯದ ಧಾಟಿಯಲ್ಲಿ ಶುರು ಮಾಡಿ, ಅದೇ ಉಸಿರಿನಲ್ಲಿ, ಫುಡ್ ಕೋರ್ಟ್ ಇನ್ನೂ ದೊಡ್ಡದಿರಬೇಕು ಅನಿಸುತ್ತದೆ ಅನ್ನುತ್ತಾನೆ. ದೊಡ್ಡ ದೊಡ್ಡ ಹೋಟೆಲ್ ಕಂಪನಿಗಳೆಲ್ಲಾ ಜಾಗ ಕೇಳುತ್ತವೆ ಅಂತ. ಇದನ್ನು ನಗಿಸಲು ಹೇಳುವ ನಟ ಒಂದು ಕ್ಷಣ ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸುತ್ತಾನೆ. ಜೂಲಿಯಾ ಮಿಟುಕಿಸುವುದಿಲ್ಲ. ಬೈಸನ್‌ಗೆ ಫುಡ್ ಕೋರ್ಟ್ ನಿಜವಾದ ಚಿಂತೆ. ಬೆಂಗಳೂರಿನಲ್ಲಿ ಲೇಔಟ್ ಮಾಡುವವರ ಹತ್ತಿರ ಕೂತು ಮಾತಾಡಿದವರಿಗೆ ಈ ಮುಖ ಗೊತ್ತಿರುತ್ತದೆ.

ಬಾಡಿಗೆ ಗೂಂಡಾಗಳಿಗೆ ಅವನು ಸಂಬಳ ಕೊಡುವುದು ಬೈಸನ್ ಡಾಲರಿನಲ್ಲಿ. ತನ್ನದೇ ಮುಖ ಅಚ್ಚು ಹಾಕಿದ ನೋಟು. ಇದನ್ನು ತಗೊಂಡು ಏನು ಮಾಡೋದು ಅಂದರೆ, ಒಂದು ಬೈಸನ್ ಡಾಲರಿಗೆ ಐದು ಬ್ರಿಟಿಷ್ ಪೌಂಡ್ ಅನ್ನುತ್ತಾನೆ. ಹೇಗೆ? ರಾಣಿಯನ್ನು ಅಪಹರಿಸಿದ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಅದೇ ರೇಟು ನಿಗದಿ ಮಾಡುತ್ತದೆ! ಲೆಕ್ಕ ಪಕ್ಕಾ. ಕೊನೆಗೆ ಒಮ್ಮೆ ಸತ್ತು, ತನ್ನ ಸೂಟಿನ ಕರೆಂಟಿನಿಂದ ಬದುಕಿ ಎದ್ದು, ಗಾಳಿಯಲ್ಲಿ ತೇಲುತ್ತಾ, ಈ ಕಾಂತಶಕ್ತಿ ಟೋಕಿಯೋದಿಂದ ಒಸಾಕಾಗೆ ಬುಲೆಟ್ ರೈಲು ತೇಲಿಸುತ್ತದೆ, ನನ್ನ ಮೇಜು ತೇಲಿಸುತ್ತದೆ, ನನ್ನನ್ನೂ ತೇಲಿಸುತ್ತದೆ ಅಂತ ಹೇಳುವಾಗ ಆ 'ನನ್ನನ್ನೂ' ಅನ್ನುವುದಕ್ಕೆ ಮುಂಚೆ ಒಂದು ಸಣ್ಣ ನಿಲುಗಡೆ ಕೊಡುತ್ತಾರೆ. ತಂತಿ ಕಟ್ಟಿ ಎಳೆಯುತ್ತಿದ್ದಾರೆ ಅಂತ ಎದ್ದು ಕಾಣುತ್ತದೆ. ಆ ನಿಲುಗಡೆಯಿಂದ ಅದೂ ಮರೆತುಹೋಗುತ್ತದೆ.

ಈ ಉಸಿರಿನ ಹಿಡಿತ ಎಲ್ಲಿಂದ ಬಂತು ಅಂದರೆ, ನಾಟಕದಿಂದ. ಜೂಲಿಯಾ 1940ರಲ್ಲಿ ಪೋರ್ಟೊ ರಿಕೋದ ಸ್ಯಾನ್ ಹ್ವಾನ್‌ನಲ್ಲಿ ಹುಟ್ಟಿದವರು. ನ್ಯೂಯಾರ್ಕಿಗೆ ಬಂದು ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಷೇಕ್ಸ್‌ಪಿಯರ್ ಆಡಿದರು. ಲಿಯರ್ ನಾಟಕದ ಎಡ್ಮಂಡ್, ಒಥೆಲೊ, ಮೆರಿಲ್ ಸ್ಟ್ರೀಪ್ ಎದುರು 'ಟೇಮಿಂಗ್ ಆಫ್ ದ ಶ್ರೂ' ನಾಟಕದ ಪೆಟ್ರೂಕಿಯೊ. ಅಮೆರಿಕದ ನಾಟಕರಂಗದ ಟೋನಿ ಪ್ರಶಸ್ತಿಗೆ ನಾಲ್ಕು ಸಲ ಹೆಸರು ಹೋಗಿತ್ತು. ಸಿನಿಮಾದಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುವುದು 'ಆಡಮ್ಸ್ ಫ್ಯಾಮಿಲಿ'ಯ ಗೋಮೆಜ್ ಆಗಿ. ಹೆಂಡತಿಯ ಕೈಗೆ ಮುತ್ತಿಡುತ್ತಾ ತೋಳಿನವರೆಗೂ ಹೋಗುವ ಗಂಡ. ಅದೂ ನನ್ನ ಅಂಗಡಿಯಲ್ಲಿ ಚೆನ್ನಾಗಿ ಓಡುತ್ತಿತ್ತು.

'ಸ್ಟ್ರೀಟ್ ಫೈಟರ್' ಹೊತ್ತಿಗೆ ಅವರಿಗೆ ಹೊಟ್ಟೆಯ ಕ್ಯಾನ್ಸರ್. ಗಮನಿಸಿ ನೋಡಿದರೆ ಕೆನ್ನೆ ಒಳಗೆ ಹೋಗಿರುವುದು, ಸಮವಸ್ತ್ರ ಮೈ ಮೇಲೆ ಸ್ವಲ್ಪ ಸಡಿಲ ಇರುವುದು ಕಾಣುತ್ತದೆ. ಅವರ ಇಬ್ಬರು ಗಂಡುಮಕ್ಕಳಿಗೆ ಈ ಗೇಮ್ ಇಷ್ಟ, ಅದಕ್ಕೇ ಒಪ್ಪಿಕೊಂಡರು. 1994ರ ಅಕ್ಟೋಬರ್ 24ರಂದು, 54ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿನಿಮಾ ಬಂದದ್ದು ಡಿಸೆಂಬರ್ 23ಕ್ಕೆ. ಕೊನೆಯಲ್ಲಿ ಅವರ ಹೆಸರಿಗೆ ಅರ್ಪಿಸಿದ ಒಂದು ಸಾಲು ಬರುತ್ತದೆ.

ಇದನ್ನು ಕೇಳಿ ಅಯ್ಯೋ ಪಾಪ ಅಂತ ನೋಡಲು ಕೂರಬೇಡಿ. ಕನಿಕರದಿಂದ ನೋಡಿದರೆ ಆ ಪಾತ್ರಕ್ಕೆ ಅವಮಾನ. ನನಗೆ ಮುಖ್ಯ ಅನಿಸುವುದು ಬೇರೆ. ಅದೇ ವರ್ಷ ಅವರು 'ದ ಬರ್ನಿಂಗ್ ಸೀಸನ್' ಅನ್ನುವ ಟಿವಿ ಚಿತ್ರದಲ್ಲಿ ಅಮೆಜಾನ್ ಕಾಡಿಗಾಗಿ ಹೋರಾಡಿ ಕೊಲೆಯಾದ ಚಿಕೊ ಮೆಂಡಿಸ್ ಪಾತ್ರ ಮಾಡಿದ್ದರು. ಸತ್ತ ಮೇಲೆ ಅದಕ್ಕೆ ಗೋಲ್ಡನ್ ಗ್ಲೋಬ್, ಎಮಿ ಎರಡೂ ಬಂದವು. ಅದು ಗಂಭೀರ ಚಿತ್ರ, ಇದು ಮಕ್ಕಳ ಗಲಾಟೆ. ಎರಡೂ ಪಕ್ಕ ಪಕ್ಕ ನೋಡಿ. ಅಲ್ಲಿ ಮೈ ಮುರಿದು ದುಡಿದು ಇಲ್ಲಿ ಕೈ ಬಿಟ್ಟಿದ್ದಾರೆ ಅಂತ ಎಲ್ಲೂ ಅನಿಸುವುದಿಲ್ಲ. ದೊಡ್ಡ ನಟರು ಸಣ್ಣ ಸಿನಿಮಾಗೆ ಬಂದಾಗ ನಾನು ಇಲ್ಲಿ ಇರಬೇಕಾದವನಲ್ಲ ಅನ್ನುವ ಮುಖ ಹೊತ್ತು ತಿರುಗುವುದನ್ನು ಎಷ್ಟು ಕ್ಯಾಸೆಟ್‌ಗಳಲ್ಲಿ ನೋಡಿದ್ದೇನೋ. ಚೆಕ್ ತಗೊಂಡು ಕೈ ತೊಳೆದುಕೊಳ್ಳುವವರು. ಇವರದ್ದು ಆ ಜಾತಿ ಅಲ್ಲ.

"ಎಷ್ಟು ಕೆಟ್ಟದಾಗಿದೆ ಅಂದ್ರೆ ಮಜಾ ಬರುತ್ತೆ" ಅಂತ ಕೆಲವರು ಸಿನಿಮಾ ತಗೊಂಡು ಹೋಗುತ್ತಿದ್ದರು. ನಾಲ್ಕು ಜನ ಸೇರಿ, ಬಾಟಲಿ ಇಟ್ಟುಕೊಂಡು, ತೆರೆ ಮೇಲಿನವರನ್ನು ಆಡಿಕೊಳ್ಳೋದು. ಅವರ ದುಡ್ಡು, ಅವರಿಷ್ಟ. ನನಗೆ ಅದು ಒಗ್ಗುವುದಿಲ್ಲ. ಬೈಸನ್‌ನನ್ನು ನೋಡಿ ನಗುವುದು ಬೇರೆ, ಅವನು ನಗಿಸಿದಾಗ ನಗುವುದು ಬೇರೆ. ಜೂಲಿಯಾ ನಗಿಸುತ್ತಾರೆ, ಬೇಕೆಂದೇ.

ಸರಿ, ನೋಡುವವರಿಗೆ ನಾಲ್ಕು ಮಾತು. ಇಂಗ್ಲಿಷಿನಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಳ್ಳಿ. ಡಬ್ಬಿಂಗ್‌ನಲ್ಲಿ ನೋಡಿದರೆ ನೀವು ನೋಡಬೇಕಾದ್ದೇ ಹೊರಟುಹೋಯಿತು, ಆ ದನಿಯೇ ಅಲ್ವಾ ಮುಖ್ಯ? ಒಟ್ಟು 102 ನಿಮಿಷ. ರ‍್ಯೂ, ಕೆನ್ ಬಂದಾಗ ಧಾರಾಳವಾಗಿ ಎದ್ದು ಹೋಗಿ ಕಾಫಿ ಮಾಡಿಕೊಳ್ಳಬಹುದು. ವ್ಯಾನ್ ಡ್ಯಾಮ್ ಭಾಷಣಕ್ಕೆ ಮಾತ್ರ ವಾಪಸ್ ಬನ್ನಿ, ಅದು ತಪ್ಪಿದರೆ ಎದುರಾಳಿ ಯಾರು ಅಂತ ಗೊತ್ತಾಗುವುದಿಲ್ಲ. ಜಾಂಗೀಫ್ ಅನ್ನುವ ದಡ್ಡ ಪೈಲ್ವಾನ್ ಇದ್ದಾನೆ, ಬೈಸನ್ ಕಡೆಯವನು. ಟಿವಿಯಲ್ಲಿ ಬಾಂಬ್ ತುಂಬಿದ ಲಾರಿ ತಮ್ಮ ಕಡೆಗೇ ನುಗ್ಗಿ ಬರುತ್ತಿರುವುದನ್ನು ನೋಡಿ, ಬೇಗ ಚಾನೆಲ್ ಬದಲಾಯಿಸಿ ಅಂತ ಕೂಗುತ್ತಾನೆ. ಅವನಿಗೂ ಅರ್ಧ ಮಾರ್ಕು ಕೊಡಬಹುದು. ಬೈಸನ್ ಕೊಡುವ ಸಂಬಳದ ವಿಷಯ ಅವನಿಗೆ ಗೊತ್ತಾಗುವ ಜಾಗವೂ ಚೆನ್ನಾಗಿದೆ, ಹೇಳಿ ಹಾಳು ಮಾಡುವುದಿಲ್ಲ. ಹೆಸರುಗಳು ಓಡಿದ ಮೇಲೂ ಸ್ವಲ್ಪ ಕಾಯಿರಿ. ಕ್ಯಾಸೆಟ್‌ನಲ್ಲಿ ಅಲ್ಲಿ ಒಂದು ಸಣ್ಣ ತುಣುಕು ಇತ್ತು, ಬೈಸನ್‌ದು.

ಐದಕ್ಕೆ ಇಷ್ಟು ಅಂತ ಕೇಳಿದರೆ, ಸಿನಿಮಾಗೆ ಒಂದೂವರೆ. ಜೂಲಿಯಾಗೆ ಐದು, ಆರು ಕೊಡುವ ಹಾಗಿದ್ದರೆ ಆರು. ಮಕ್ಕಳ ಜೊತೆ ನೋಡಬಹುದು, ಹೊಡೆದಾಟ ಇದ್ದರೂ ರಕ್ತ ಇಲ್ಲ.

ಹುಡುಕುವಾಗ ಮಾತ್ರ ಇಸವಿ ನೋಡಿಕೊಳ್ಳಿ. 2009ರಲ್ಲಿ ಚುನ್ ಲಿ ಹೆಸರಿಟ್ಟುಕೊಂಡು ಇನ್ನೊಂದು 'ಸ್ಟ್ರೀಟ್ ಫೈಟರ್' ಬಂದಿದೆ. ಅದರಲ್ಲೂ ಬೈಸನ್ ಇದ್ದಾನೆ, ಬೇರೆ ನಟ. ಕೆಂಪು ಸಮವಸ್ತ್ರ ಇಲ್ಲ, ಟೋಪಿ ಇಲ್ಲ, ಕೋಟು ಹಾಕಿಕೊಂಡು ಸೈಟ್ ವ್ಯವಹಾರ ಮಾಡುತ್ತಾನೆ. ಒಂದೇ ಒಂದು ಒಳ್ಳೇ ಅಂಶಕ್ಕಾಗಿ ನಾನು ಅದನ್ನು ಕೊನೆವರೆಗೂ ನೋಡಿದೆ. ಅದು ಮೇಲಿನ ಶೆಲ್ಫಿನ ಮಾಲು.